ಏಳನೆಯ ಓಟು

ಕಡಬದ ಮತ ಎಣಿಕೆ ಕೇಂದ್ರದ ಗೇಟು ದಾಟಿ ತನ್ಮಯೀ ಹೊರಗೆ ಬಂದದ್ದೇ ತಡ, ಅವಳ ಹೆಗಲ ಮೇಲೆ ಕೇಸರಿ ಶಾಲೊಂದು ಬಿತ್ತು.

ಹಾಕಿದವನ ಮುಖ ಕಾಣಲಿಲ್ಲ. ಎಲ್ಲೆಲ್ಲೂ ಜನ, ಬ್ಯಾಂಡಿನ ಸದ್ದು, ಪಟಾಕಿಯ ಹೊಗೆ. ಅವಳು ಬೊಳ್ಳಿಮಾರು ಪಂಚಾಯತಿನಲ್ಲಿ ಗೆದ್ದದ್ದೇನೋ ನಿಜ. ಆದರೆ ಗೆದ್ದದ್ದು ಕೆಂಪು ಬಾವುಟದವರ ಬೆಂಬಲದಿಂದ, ಕೇಸರಿಯವರ ಅಭ್ಯರ್ಥಿಯನ್ನೇ ಸೋಲಿಸಿ.

ಗುಂಪನ್ನು ಸರಿಸಿಕೊಂಡು ಒಬ್ಬ ಓಡಿಬಂದ. ಬಿಳಿ ಅಂಗಿ, ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದ ಕುಂಕುಮ.

"ಸಾರಿ ಮೇಡಂ. ನಮ್ಮ ಹುಡುಗರಿಗೆ ತಪ್ಪಿತು. ಆ ಶಾಲು ನನಗೆ ತಂದದ್ದು."

"ಹೌದಾ? ನನಗೆ ಒಪ್ಪುದಿಲ್ವಾ?"

ಅವನು ಅವಳನ್ನೊಮ್ಮೆ ನೋಡಿದ. ಆಮೇಲೆ ಶಾಲನ್ನು ನೋಡಿದ. ನಗು ತಡೆಯಲು ಹೋಗಿ ಸೋತ.

"ಒಪ್ತದೆ. ಅದೇ ಕಷ್ಟ ನೋಡಿ."

ಅವನು ಅಭಿರಾಮ್. ಸವಣೂರಿನ ಪೇಟೆಯಲ್ಲಿ ಪಂಪು, ಪೈಪು, ಸ್ಪ್ರಿಂಕ್ಲರ್‌ಗಳ ಅಂಗಡಿ ಇಟ್ಟವನು. ಕೇಸರಿಯವರು ಬೊಳ್ಳಿಮಾರಿನಲ್ಲಿ ಯಾರ ಮಾತಿಗೆ ಏಳುತ್ತಾರೋ, ಯಾರ ಮಾತಿಗೆ ಕೂರುತ್ತಾರೋ, ಆ ಕೃಷ್ಣಮೋಹನರ ಒಬ್ಬನೇ ಮಗ. ಈ ಸಲ ಅವನೂ ಗೆದ್ದಿದ್ದ, ಅವನ ತಾಯಿ ಕೌಸಲ್ಯಾ ಕೂಡ ಇನ್ನೊಂದು ವಾರ್ಡಿನಿಂದ ಗೆದ್ದಿದ್ದರು.

ತನ್ಮಯೀ ಶಾಲನ್ನು ಮಡಚಿ ಅವನ ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಾಗಲಿಲ್ಲವೆಂಬಂತೆ ನಟಿಸಿದರು.

*

ಬೊಳ್ಳಿಮಾರಿನಲ್ಲಿ ಆಗ ಚಹಾ ಕುಡಿಯುವುದಕ್ಕೂ ಪಕ್ಷ ಬೇಕಾಗಿತ್ತು. ಬಸ್ ಸ್ಟ್ಯಾಂಡಿನ ಆಚೆ ಬದಿಯ ಹೋಟೆಲಿಗೆ ಕೇಸರಿಯವರು, ಈಚೆ ಬದಿಯ ಶಾಫಿಯ ಹೋಟೆಲಿಗೆ ಕೆಂಪಿನವರು ಮತ್ತು ಅವರ ಜೊತೆ ನಿಂತವರು. ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪು ಒಡೆದು ಎರಡಾಗಿತ್ತು. ಅಣ್ಣ ತಮ್ಮಂದಿರು ಒಂದೇ ಮದುವೆಯಲ್ಲಿ ಬೇರೆ ಬೇರೆ ಪಂಕ್ತಿಗೆ ಕೂತದ್ದೂ ಉಂಟು. ಒಂದು ಕಡೆಯವರು ಧರ್ಮ ಉಳಿಯಬೇಕು ಎನ್ನುತ್ತಿದ್ದರು. ಇನ್ನೊಂದು ಕಡೆಯವರು ಬೀಡಿ ಕಟ್ಟುವವರ ಮಜೂರಿ, ಮನೆಯಿಲ್ಲದವರ ನಿವೇಶನ ಎನ್ನುತ್ತಿದ್ದರು. ಯಾರೂ ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ.

ತನ್ಮಯೀಯ ತಾಯಿ ಕಮಲಾವತಿ ಬೀಡಿ ಕಟ್ಟಿಯೇ ಮಗಳನ್ನು ಓದಿಸಿದವರು. ಮಗಳು ಊರಿನಲ್ಲೇ ಝೆರಾಕ್ಸ್ ಅಂಗಡಿ ಇಟ್ಟು, ಮುದುಕಿಯರ ಪಿಂಚಣಿ ಅರ್ಜಿ ಬರೆದುಕೊಟ್ಟು, ಹಾಗೇ ನಾಲ್ಕು ಜನಕ್ಕೆ ಬೇಕಾದವಳಾಗಿ ಚುನಾವಣೆಗೆ ನಿಂತವಳು.

ಎಣಿಕೆಯ ಮರುವಾರ ಅಭಿರಾಮ್ ಅವಳ ಅಂಗಡಿಗೆ ಬಂದ. ಆಧಾರ್ ಕಾರ್ಡಿನ ಒಂದು ಪ್ರತಿ ಬೇಕಿತ್ತು.

"ಸವಣೂರಲ್ಲಿ ಝೆರಾಕ್ಸ್ ಅಂಗಡಿ ಇಲ್ವಾ?" ತನ್ಮಯೀ ಕೇಳಿದಳು.

"ಉಂಟು. ಅಲ್ಲಿ ಇಷ್ಟು ಕಪ್ಪಾಗಿ ಬರುದಿಲ್ಲ."

"ನಿಮ್ಮ ಫೋಟೋ ಕಪ್ಪಾಗಿ ಬಂದರೆ ನಿಮಗೆ ಎಂತ ಲಾಭ?"

"ಇನ್ನೊಮ್ಮೆ ಮಾಡಿಸ್ಲಿಕ್ಕೆ ಬರ್ಬಹುದಲ್ವಾ?"

ಅವನು ಮತ್ತೆ ಬಂದ, ಮತ್ತೆ ಮತ್ತೆ ಬಂದ. ಒಬ್ಬ ಮನುಷ್ಯನಿಗೆ ಆಧಾರ್ ಕಾರ್ಡಿನ ಅಷ್ಟು ಪ್ರತಿಗಳು ಯಾವ ಸರಕಾರದಲ್ಲೂ ಬೇಕಾಗುವುದಿಲ್ಲ. ಮಾತಾಡುವಾಗ ಅವನ ಕಣ್ಣು ಯಂತ್ರದ ಹಸಿರು ಬೆಳಕಿನ ಮೇಲಿರುತ್ತಿತ್ತು. ಅವಳು ಕಾಗದ ತೆಗೆಯಲು ಬಗ್ಗಿದಾಗ ಮಾತ್ರ ಅವಳ ಜಡೆಯ ಮೇಲೆ ಬಂದು ಕೂರುತ್ತಿತ್ತು. ಅದು ಅವಳಿಗೆ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ಆಮೇಲೆ ಅವರು ಕೊಯಿಲದಲ್ಲಿ ಸಿಗತೊಡಗಿದರು. ಜಾನುವಾರು ಫಾರ್ಮಿನ ದೊಡ್ಡ ಹುಲ್ಲುಗಾವಲು; ಬೋಳು ಗುಡ್ಡ, ಮೇಲೆ ಆಕಾಶ, ನಡುವೆ ಗಾಳಿ. ಪರಿಚಯದವರು ಬಂದರೂ ದೂರದಿಂದಲೇ ಕಾಣುತ್ತಾರೆ. ‘ನೀವು’ ಹೋಗಿ ‘ನೀನು’ ಆದದ್ದು ಅಲ್ಲಿಯೇ. ಬಿಸಿಲಿಗೆ ಅವಳು ಕಣ್ಣು ಕಿರಿದು ಮಾಡಿದರೆ ಅವನು ಸುಮ್ಮನೆ ಎದ್ದು ಬಿಸಿಲು ಬರುವ ಕಡೆ ಕೂರುತ್ತಿದ್ದ. ಅವನ ನೆರಳು ಅವಳ ಮುಖದ ಮೇಲೆ ಬೀಳುತ್ತಿತ್ತು. ಅಷ್ಟೇ ಅವಳಿಗೆ ಇಡೀ ದಿನಕ್ಕೆ ಸಾಕಾಗುತ್ತಿತ್ತು.

*

ಅಧ್ಯಕ್ಷ ಸ್ಥಾನ ಮಹಿಳೆಗೆ ಎಂದು ಮೀಸಲಾತಿ ಪ್ರಕಟವಾಯಿತು. ಕೇಸರಿಯವರು ಕೌಸಲ್ಯಾರ ಹೆಸರು ಹೇಳಿದರು. ಕೆಂಪಿನವರ ಮುಖಂಡ ಮೇದಪ್ಪ ತನ್ಮಯೀಯ ಹೆಸರು ಹೇಳಿದರು.

"ನನ್ನ ಅಮ್ಮನ ಎದುರು ನೀನಾ!" ಅಭಿರಾಮ್ ಹುಲ್ಲಿನ ಮೇಲೆ ಅಂಗಾತ ಬಿದ್ದು ನಕ್ಕ. "ಅತ್ತೆ ಆಗುವ ಮೊದಲೇ ಜಗಳ ಶುರು ಮಾಡಿದ್ದೀಯಲ್ಲ ಮಾರಾಯ್ತಿ."

"ಸೊಸೆ ಆದ ಮೇಲೆ ಗೆಲ್ಲುವ ಛಾನ್ಸ್ ಇಲ್ಲ. ಈಗಲೇ ಆಗ್ಬೇಕು."

ಅಧ್ಯಕ್ಷರ ಚುನಾವಣೆ ಮುಗಿದ ಮೇಲೆ, ಯಾರೇ ಗೆಲ್ಲಲಿ, ಎರಡೂ ಮನೆಗಳಲ್ಲಿ ಹೇಳಿಬಿಡುವುದೆಂದು ಅವರು ನಿಶ್ಚಯಿಸಿದ್ದರು. ಆದರೆ ಲೆಕ್ಕ ಮಾತ್ರ ಬಿಗಿಯಾಗಿತ್ತು. ಓಟು ಹಾಕುವವರು ಒಟ್ಟು ಹದಿಮೂರು ಸದಸ್ಯರು. ಆ ಕಡೆ ಆರು, ಈ ಕಡೆ ಆರು. ಉಳಿದವರು ಪಕ್ಷೇತರರಾಗಿ ಗೆದ್ದ ನೆಬೀಸ. ಊರಿನಲ್ಲಿ ಮೀನು ಮಾರುವ ಮಶೂದನ ತಾಯಿ. ಮನೆಗೆ ಯಾರು ಬಂದರೂ ಚಹಾ ಕೊಟ್ಟು ಕಳಿಸುತ್ತಿದ್ದರೇ ಹೊರತು ಓಟು ಯಾರಿಗೆಂದು ಬಾಯಿ ಬಿಡುತ್ತಿರಲಿಲ್ಲ.

"ಕೇಳು," ಅಭಿರಾಮ್ ಎದ್ದು ಕೂತ. ನಗು ಹೋಗಿತ್ತು. "ಗುಪ್ತ ಮತದಾನ ಅಲ್ವಾ? ನಾನು ನಿನಗೆ ಹಾಕ್ತೇನೆ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ತನ್ಮಯೀಗೆ ಅದು ಬೇಡವೆನಿಸಿತು. ಹೆತ್ತ ತಾಯಿಗೆ ಮಗನ ಓಟು ತಪ್ಪಿಸಿ ಗೆಲ್ಲುವುದೇ? ಆಮೇಲೆ ಅವರ ಮನೆಯ ಹೊಸ್ತಿಲು ಯಾವ ಮುಖದಲ್ಲಿ ದಾಟುವುದು?

"ಬೇಡ ಅಭಿ. ಅಮ್ಮನಿಗೇ ಹಾಕು. ನಿನ್ನ ಓಟು ಇಲ್ಲದೇ ನನಗೆ ಏಳು ಆಗ್ತದೆ."

"ಏಳನೆಯವರು?"

ಅವಳು ಹುಲ್ಲಿನ ಎಸಳೊಂದನ್ನು ಕಿತ್ತು ಬೆರಳಿಗೆ ಸುತ್ತಿದಳು. ಹೇಳಬಾರದಿತ್ತು. ಆದರೆ ಅವನು ತಾಯಿಗೆ ದ್ರೋಹ ಮಾಡಬಾರದು, ತನಗಾಗಿ ಮಾಡಲೇಬಾರದು ಎಂಬ ಒಂದೇ ಆಸೆ ಅವಳ ಬಾಯಿ ಬಿಡಿಸಿತು.

"ನೆಬೀಸಕ್ಕ. ನನ್ನತ್ರ ಮಾತ್ರ ಹೇಳಿದ್ದಾರೆ. ಯಾರಲ್ಲಿಯೂ ಹೇಳ್ಬೇಡ, ಆಯ್ತಾ?"

"ಚೆ, ಹೇಳ್ತೇನಾ?" ಎಂದ ಅಭಿರಾಮ್. ಅವಳ ಬೆರಳಿನ ಹುಲ್ಲನ್ನು ಬಿಚ್ಚಿ, ತನ್ನ ಬೆರಳಿಗೆ ಸುತ್ತಿಕೊಂಡ.

*

ಚುನಾವಣೆಗೆ ಸ್ವಲ್ಪ ಮೊದಲು ಕೇಸರಿಯವರು ತಮ್ಮ ಸದಸ್ಯರನ್ನೆಲ್ಲ ಸಂಪಾಜೆಯ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದರು. ಅಭಿರಾಮನ ಫೋನು ಸ್ವಿಚ್ ಆಫ್ ಆಯಿತು. ಎಲ್ಲರ ಫೋನೂ ತೆಗೆದಿಡುತ್ತಾರೆ ಎಂದು ಅವನು ಮೊದಲೇ ಹೇಳಿದ್ದರಿಂದ ತನ್ಮಯೀಗೆ ಗಾಬರಿಯಾಗಲಿಲ್ಲ.

ಗಾಬರಿಯಾದದ್ದು ಹೋಟೆಲಿನ ಶಾಫಿ ಅವಳ ಅಂಗಡಿಯ ಬಾಗಿಲಿಗೆ ಓಡಿಬಂದಾಗ. "ತನ್ಮಯಕ್ಕಾ, ಮಶೂದನಿಗೆ ಹೊಡ್ದಿದ್ದಾರೆ."

ಬೆಳಿಗ್ಗೆ ಮಂಗಳೂರಿನ ಬಂದರಿನ ಧಕ್ಕೆಯಿಂದ ಮೀನು ತರುವಾಗ ತಿರುವಿನಲ್ಲಿ ಪಿಕಪ್ ಅಡ್ಡಗಟ್ಟಿದ್ದರು. ದನ ಸಾಗಿಸುತ್ತಾನೆಂದು ಗುಲ್ಲು. ಪಿಕಪ್ಪಿನಲ್ಲಿದ್ದದ್ದು ಬಂಗುಡೆ, ಭೂತಾಯಿ ಮೀನು ಮತ್ತು ಐಸು. ಎಲ್ಲವನ್ನೂ ರಸ್ತೆಗೆ ಸುರಿದು, ಅವನ ಬಲಗೈ ಮುರಿದು ಹೋಗಿದ್ದರು. ಮೇಲಿಂದ, ತಮ್ಮ ಮೇಲೆ ಗಾಡಿ ಹತ್ತಿಸಲು ಬಂದನೆಂದು ಅವನ ಮೇಲೆಯೇ ದೂರು ಕೊಟ್ಟಿದ್ದರು.

ಪುತ್ತೂರಿನ ಆಸ್ಪತ್ರೆಯ ವಾರ್ಡಿನಲ್ಲಿ ನೆಬೀಸ ಮಗನ ಮಂಚದ ಬದಿಯಲ್ಲಿ ಕೂತಿದ್ದರು. ಮಶೂದನ ತುಟಿ ಬಾತುಹೋಗಿತ್ತು. ತನ್ಮಯೀಯನ್ನು ಕಂಡು ಅವನು ನಗಲು ನೋಡಿದ, ಆಗಲಿಲ್ಲ.

ನೆಬೀಸ ಅವಳನ್ನು ವರಾಂಡಕ್ಕೆ ಕರೆದರು.

"ಒಬ್ಬ ಬಂದು ಹೇಳಿ ಹೋದ. ಇಲೆಕ್ಷನ್ ದಿವಸ ಮನೆಯಲ್ಲೇ ಇದ್ದರೆ ದೂರು ವಾಪಸ್ ತೆಗೀತಾರಂತೆ. ನಾನು ಬರುದಿಲ್ಲ. ನನಗೆ ಇರುದು ಅವನೊಬ್ಬ."

"ಬೇಡ, ಬರ್ಬೇಡಿ ನೆಬೀಸಕ್ಕ. ಆದ್ರೆ ನಿಮ್ಮ ಓಟು ನನಗೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ನೆಬೀಸ ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ನಾನು ಹೇಳಿದ್ದು ನಿನ್ನತ್ರ ಮಾತ್ರ ಮಗಾ. ನೀನು ಯಾರಿಗೆ ಹೇಳಿದ್ದು?"

ತನ್ಮಯೀಗೆ ಉತ್ತರ ಗೊತ್ತಿತ್ತು.

*

ಚುನಾವಣೆಯ ದಿನ ಸಂಪಾಜೆಯಿಂದ ಬಂದ ವ್ಯಾನು ಪಂಚಾಯತು ಕಚೇರಿಯ ಎದುರು ನಿಂತಿತು. ಆರು ಜನವೂ ಸಾಲಾಗಿ ಇಳಿದರು. ನೀರು ಕುಡಿಯುವ ನೆಪ ಮಾಡಿ ಅಭಿರಾಮ್ ಹಿಂದಿನ ಜಗಲಿಗೆ ಬಂದ. ತನ್ಮಯೀ ಅಲ್ಲಿ ಕಾಯುತ್ತಿದ್ದಳು.

"ನೀನು ಹೇಳಿದ್ದಾ?"

ಅವನ ಮುಖವೇ ಉತ್ತರ ಕೊಟ್ಟಿತು.

"ಅಮ್ಮ ಅತ್ತಳು ತನು. ಊರಿನ ಎದುರು ಸೋತರೆ ಹೇಗೆ ತಲೆ ಎತ್ತುದು ಅಂತ. ನಿಮಗೆ ಬೀಳುವ ಏಳನೇ ಓಟು ಯಾರದು ಅಂತ ಅಪ್ಪ ಪುನಃ ಪುನಃ ಕೇಳಿದ್ರು. ಹೆಸರು ಮಾತ್ರ ಹೇಳಿದ್ದು. ಹೋಗಿ ಮಾತಾಡಿ ಒಪ್ಪಿಸ್ತಾರೆ ಅಂತ ಗ್ರಹಿಸಿದೆ. ಹೊಡೀತಾರೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ಹೊಡೆದದ್ದು ಯಾರು ಅಂತ ಗೊತ್ತುಂಟಾ?"

ಅವನು ನೆಲ ನೋಡಿದ. "ಚಿಕ್ಕಪ್ಪನ ಮಗ. ಅವನ ಒಟ್ಟಿಗೆ ಇದ್ದವರು."

"ಪೊಲೀಸರತ್ರ ಹೇಳು."

"ಮನೆಯವರನ್ನೇ ಒಳಗೆ ಹಾಕಿಸ್ಲಿಕ್ಕೆ ಆಗ್ತದಾ?" ಅವನು ಅವಳ ಕೈ ಹಿಡಿಯಲು ಬಂದ. ಅವಳು ಹಿಂದೆ ಸರಿದಳು. "ನಾನು ಸರಿ ಮಾಡ್ತೇನೆ. ಇವತ್ತು ನನ್ನ ಓಟು ನಿನಗೇ. ನೋಡು."

"ನಾನು ಓಟು ಕೇಳಿದ್ದಲ್ಲ ಅಭಿ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಅವನು ಹೋದ.

ನೆಬೀಸ ಬರಲಿಲ್ಲ. ಆರಕ್ಕೆ ಆರು ಬಂದು ಚೀಟಿ ಎತ್ತಬೇಕಾಗುತ್ತದೆ ಎಂದೇ ಎಲ್ಲರೂ ಕಾದಿದ್ದರು. ಚುನಾವಣಾಧಿಕಾರಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ತನ್ಮಯೀಗೆ ಏಳು. ಕೌಸಲ್ಯಾರಿಗೆ ಐದು.

ಹೊರಗೆ ಪಟಾಕಿ ಸಿಡಿಯಿತು. ಮೇದಪ್ಪ ಹಾರ ಹಾಕಿದರು. ಹಾರದ ಮೇಲಿಂದ ತನ್ಮಯೀಗೆ ಕಂಡದ್ದು ಎರಡೇ ಮುಖ. ನಂಬಲಾಗದೆ ತನ್ನ ಕಡೆಯ ಒಬ್ಬೊಬ್ಬರನ್ನೇ ನೋಡುತ್ತಿದ್ದ ಕೌಸಲ್ಯಾರದು ಒಂದು. ಅವರ ಹಿಂದೆ, ಯಾರಿಗೂ ಕಾಣದ ಹಾಗೆ ಅವಳಿಗೆ ಮಾತ್ರ ಸಣ್ಣಗೆ ನಗುತ್ತಿದ್ದ ಅಭಿರಾಮನದು ಇನ್ನೊಂದು.

ಆ ನಗುವಿಗಾಗಿ ಅವಳು ಎಷ್ಟು ಮಧ್ಯಾಹ್ನಗಳನ್ನು ಕಾದಿದ್ದಳು! ಈಗ ಅದನ್ನು ನೋಡಲಾಗದೆ ಮುಖ ತಿರುಗಿಸಿದಳು.

ರಾಜೀನಾಮೆ ಕೊಡುತ್ತೇನೆಂದು ಆಸ್ಪತ್ರೆಗೆ ಹೋಗಿ ಹೇಳಿದಾಗ ನೆಬೀಸ ಒಪ್ಪಲಿಲ್ಲ. "ಬಿಡ್ಬೇಡ. ನೀನು ಬಿಟ್ಟರೆ ಅವನ ಕೈ ಮುರಿದದ್ದು ಎಂತಕ್ಕೆ?"

*

ತಪ್ಪಿದ ಆ ಒಂದು ಓಟು ಯಾರದು? ಕೇಸರಿಯವರಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ಅವರ ಆರು ಜನರಲ್ಲಿ ದಲಿತರ ಕಾಲನಿಯಿಂದ ಬಂದವನು ಡೊಂಬಯ್ಯ ಒಬ್ಬನೇ. ಮೀಸಲು ವಾರ್ಡಿನಿಂದ ಗೆದ್ದವನು, ದಿನಾ ಕೃಷ್ಣಮೋಹನರ ತೋಟಕ್ಕೇ ಕೆಲಸಕ್ಕೆ ಹೋಗುವವನು. ಅವನು ಮಾರಾಟವಾದನೆಂದು ಸಂಜೆಯೊಳಗೆ ಊರೆಲ್ಲ ಹೇಳಿತು. ಮರುದಿನ ಕೆಲಸಕ್ಕೆ ಬರಬೇಡವೆಂದರು. ಆ ವಾರವೇ ದೈವದ ಕಟ್ಟೆಯ ಎದುರು ಪ್ರಮಾಣ ಮಾಡಿಸಿದರು.

ಆ ವಿಡಿಯೋ ತನ್ಮಯೀಯ ಫೋನಿಗೂ ಬಂತು. ಡೊಂಬಯ್ಯ ಕೈಮುಗಿದು ನಿಂತಿದ್ದ. "ನಾನು ಕೌಸಲ್ಯಕ್ಕನಿಗೇ ಹಾಕಿದ್ದು. ಸುಳ್ಳಾದರೆ ದೈವ ನನ್ನನ್ನು ನೋಡಿಕೊಳ್ಳಲಿ." ಅವನ ದನಿ ನಡುಗುತ್ತಿತ್ತು. ಗುಂಪಿನಿಂದ ಯಾರೋ, "ಇವನಿಗೆ ದೈವದ ಹೆದರಿಕೆಯೂ ಇಲ್ಲ" ಎಂದರು. ಜನ ನಕ್ಕರು.

ಗುಂಪಿನ ಕೊನೆಯಲ್ಲಿ, ಕೈಕಟ್ಟಿ, ತಲೆತಗ್ಗಿಸಿ ಅಭಿರಾಮ್ ನಿಂತಿದ್ದ.

ಅವಳು ಅವನನ್ನು ಕೊಯಿಲಕ್ಕೆ ಕರೆದಳು. ಅವನು ಖುಷಿಯಲ್ಲೇ ಬಂದ. ಕರೆದಳಲ್ಲ, ಸಿಟ್ಟು ಇಳಿದಿದೆ ಎಂದುಕೊಂಡಿದ್ದ.

"ಡೊಂಬಯ್ಯಣ್ಣನ ವಿಷಯ ನೋಡಿದೆ," ತನ್ಮಯೀ ಹೇಳಿದಳು.

"ಹ್ಞೂಂ. ಪಾಪ."

"ಪಾಪ ಅಲ್ಲ ಅಭಿ. ಓಟು ನಂದು ಅಂತ ಹೋಗಿ ಹೇಳು."

"ಈಗ ಹೇಳಿದ್ರೆ ಅಪ್ಪ ಮನೆಗೆ ಸೇರಿಸ್ಲಿಕ್ಕಿಲ್ಲ. ಅಂಗಡಿಯೂ ಅಪ್ಪನ ಹೆಸರಲ್ಲಿ ಉಂಟು. ಸ್ವಲ್ಪ ತಣ್ಣಗಾಗಲಿ. ಮದುವೆ ಆದ ಮೇಲೆ ನಾವಿಬ್ಬರೂ ಸೇರಿ ಹೇಳುವ." ಅವನು ಅವಳ ಗಲ್ಲ ಎತ್ತಲು ಕೈ ಚಾಚಿದ. "ನಿನಗಾಗಿ ಹೆತ್ತ ಅಮ್ಮನನ್ನೇ ಸೋಲಿಸಿದೆ. ಇನ್ನು ಎಂತ ಮಾಡ್ಬೇಕು ಹೇಳು?"

ಆ ಪ್ರಶ್ನೆಯಲ್ಲಿ ನಟನೆ ಇರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ತನ್ಮಯೀಗೆ ಅಳು ಬಂದದ್ದು ಅದಕ್ಕೆ. ಅವನು ಕೆಟ್ಟವನಾಗಿದ್ದರೆ ಬಿಟ್ಟುಬರುವುದು ಎಷ್ಟು ಸುಲಭವಿತ್ತು! ಬಿಸಿಲು ಅವಳ ಕಣ್ಣಿಗೆ ಹೊಡೆಯುತ್ತಿದೆಯೆಂದು ಅವನು ಆ ಹೊತ್ತಿನಲ್ಲೂ ಜಾಗ ಬದಲಿಸಿ ಕೂತಿದ್ದ.

"ನೀನು ಹೇಳದಿದ್ದರೆ ನಾನು ಹೇಳ್ತೇನೆ," ಎಂದಳು. "ಎಲ್ಲವನ್ನೂ."

"ಎಲ್ಲ ಅಂದ್ರೆ? ನಮ್ಮ ವಿಷಯವನ್ನಾ? ನಿನ್ನ ಹೆಸರೂ ಹಾಳಾಗ್ತದೆ ತನು. ನಿಮ್ಮ ಪಾರ್ಟಿಯವರೇ ನಿನ್ನನ್ನು ಇಳಿಸ್ತಾರೆ."

"ಇಳಿಸಲಿ."

"ನನ್ನನ್ನು ಒಂದು ಸಲ ನೋಡಿ ಹೇಳು."

ಅವಳು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಗುಡ್ಡ ಇಳಿದಳು.

*

ಪೊಲೀಸ್ ಠಾಣೆಗೆ ಅವಳು ನೆಬೀಸ ಮತ್ತು ತಾಯಿ ಕಮಲಾವತಿಯ ಜೊತೆ ಹೋದಳು. ಹಿಂದಿನ ಸಂಜೆ ತಾಯಿಗೆ ಎಲ್ಲ ಹೇಳಿದ್ದಳು. ಕಮಲಾವತಿ ಬೀಡಿಯ ಮೊರವನ್ನು ಬದಿಗಿಟ್ಟು, "ಆ ಹುಡುಗನಲ್ಲಿ ಇನ್ನೂ ಮನಸ್ಸು ಉಂಟಾ ನಿನಗೆ?" ಎಂದು ಕೇಳಿದ್ದರು. "ಉಂಟು ಅಮ್ಮ," ಎಂದಿದ್ದಳು ತನ್ಮಯೀ.

ಮಾತು ಕೊಟ್ಟವರು ಮಶೂದನ ಮೇಲಿನ ದೂರನ್ನು ಇನ್ನೂ ವಾಪಸ್ ತೆಗೆದಿರಲಿಲ್ಲ. ನೆಬೀಸ ಮಗನ ಪರವಾಗಿ ದೂರು ಕೊಟ್ಟರು. ತನ್ಮಯೀ ತನ್ನ ಹೇಳಿಕೆ ಕೊಟ್ಟಳು: ನೆಬೀಸರ ಓಟಿನ ವಿಷಯ ತನಗೊಬ್ಬಳಿಗೇ ಗೊತ್ತಿದ್ದದ್ದು, ತಾನು ಅದನ್ನು ಅಭಿರಾಮನಿಗೆ ಹೇಳಿದ್ದು, ಅವನು ಮನೆಯಲ್ಲಿ ಹೇಳಿದ್ದು, ಹೊಡೆದವರು ಯಾರೆಂದು ಅವನೇ ತನ್ನಲ್ಲಿ ಒಪ್ಪಿಕೊಂಡದ್ದು, ತನಗೇ ಓಟು ಹಾಕುವುದಾಗಿ ಅವನು ಹೇಳಿ ಹೋದದ್ದು.

ಬರೆದುಕೊಳ್ಳುತ್ತಿದ್ದ ಪೊಲೀಸು ಪೆನ್ನು ನಿಲ್ಲಿಸಿದರು. "ಎದುರು ಪಾರ್ಟಿಯವನಿಗೆ ಇದನ್ನೆಲ್ಲ ಯಾಕೆ ಹೇಳಿದ್ದು? ಅವರು ನಿಮಗೆ ಎಂತ ಆಗ್ಬೇಕು?"

ತನ್ಮಯೀ ತಾಯಿಯನ್ನೊಮ್ಮೆ ನೋಡಿದಳು.

"ನಾವು ಪ್ರೀತಿಸ್ತಾ ಇದ್ದದ್ದು."

ಅವರು ತಲೆ ಎತ್ತಿ ನೋಡಿದರು. ದನಿ ಮೆತ್ತಗಾಯಿತು. "ಅಧ್ಯಕ್ಷರು ನೀವು. ಇದನ್ನೂ ಬರೀಬೇಕಾ?"

"ಬರೀರಿ ಸರ್."

ಎರಡೂ ಹೋಟೆಲುಗಳಲ್ಲಿ ಆ ವಾರ ಒಂದೇ ಮಾತು. ಕೇಸರಿಯವರು ಅವಳನ್ನು ಬಲೆ ಬೀಸಿದವಳು ಎಂದರು. ಕೆಂಪಿನವರು ಬಲೆಗೆ ಬಿದ್ದವಳು ಎಂದರು. "ನಮ್ಮ ಗುಟ್ಟನ್ನು ಹಾಸಿಗೆಯಲ್ಲಿ ಬಿಟ್ಟುಕೊಟ್ಟೆಯಲ್ಲ" ಎಂದು ಮೇದಪ್ಪ ಮುಖಕ್ಕೇ ಹೇಳಿದರು. ಅವಿಶ್ವಾಸ ಗೊತ್ತುವಳಿ ತರುವ ಮಾತು ಎರಡೂ ಕಡೆ ಎದ್ದಿತು. ಇಷ್ಟು ವರ್ಷಗಳಲ್ಲಿ ಅವರು ಮೊದಲ ಬಾರಿ ಒಂದಾದದ್ದು ಅವಳನ್ನು ಇಳಿಸುವುದಕ್ಕೆ.

ಠಾಣೆಗೆ ಕರೆಸಿದಾಗ ಅಭಿರಾಮ್, ತನ್ಮಯೀ ತನಗೆ ಯಾರ ಹೆಸರನ್ನೂ ಹೇಳಿದ ನೆನಪಿಲ್ಲ ಎಂದನಂತೆ. ಪ್ರೀತಿಯ ವಿಷಯ ಕೇಳಿದ್ದಕ್ಕೆ, ಮುಖಪರಿಚಯ ಮಾತ್ರ ಎಂದನಂತೆ.

ಅದನ್ನು ಕೇಳಿದ ದಿನ ತನ್ಮಯೀ ಅಂಗಡಿ ತೆರೆಯಲಿಲ್ಲ.

*

ಕೌಸಲ್ಯಾ ಬಂದದ್ದು ಮರುದಿನ ಮಧ್ಯಾಹ್ನ, ಅವಳ ಮನೆಗೇ. ಎದುರಿನ ರಸ್ತೆಯಲ್ಲಿ ಕಾರು ನಿಂತಿತ್ತು. ಅವರೊಬ್ಬರೇ ಇಳಿದು ಅಂಗಳಕ್ಕೆ ಬಂದರು. ತನ್ಮಯೀ ಕುರ್ಚಿ ತಂದಿಟ್ಟಳು, ನೀರು ತಂದುಕೊಟ್ಟಳು. ಕೌಸಲ್ಯಾ ಲೋಟ ಹಿಡಿದುಕೊಂಡೇ ಕೂತರು.

"ಅವನು ಇಲ್ಲ ಅಂತಾನೆ," ಎಂದರು. "ಆದ್ರೆ ಊಟಕ್ಕೆ ಕೂತಾಗ ನನ್ನ ಮುಖ ನೋಡುದಿಲ್ಲ. ನಿಜ ಹೇಳು, ಅವನ ಓಟು ನಿನಗೆ ಬಿದ್ದದ್ದಾ?"

"ಹಾಕ್ತೇನೆ ಅಂತ ಹೇಳಿದ್ದ. ಹಾಕಿದ್ದಾನೆ ಅಂತ ನನಗೆ ಗೊತ್ತು."

ಕೌಸಲ್ಯಾ ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಕಣ್ಣು ಒದ್ದೆಯಾಗಿತ್ತು.

"ಹೆತ್ತವಳಿಗೆ ಹಾಕದೆ ನಿನಗೆ ಹಾಕಿದ. ಅಷ್ಟು ಪ್ರೀತಿ ಮಾಡಿದವನನ್ನು ಸ್ಟೇಷನ್ನಿನಲ್ಲಿ ನಿಲ್ಲಿಸ್ಲಿಕ್ಕೆ ನಿನಗೆ ಮನಸ್ಸು ಹೇಗೆ ಬಂತು?"

ತನ್ಮಯೀ ಅಂಗಳದ ಆಚೆ ನೋಡಿದಳು. ಕಾರಿನ ತೆರೆದ ಕಿಟಕಿಯ ಹಿಂದೆ, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಅವನು ಕೂತಿದ್ದ.

"ನನಗೆ ಪ್ರೀತಿ ಇಲ್ಲ ಅಂತ ಅಲ್ಲಕ್ಕಾ. ಯಾರಿಗೂ ಕಾಣದ ಹಾಗೆ ಮಾತ್ರ ಅವನಿಗೆ ಪ್ರೀತಿಸ್ಲಿಕ್ಕೆ ಬರುದು. ಅದಕ್ಕೆ ಪೆಟ್ಟು ತಿಂದದ್ದು ಮಶೂದ. ಮಾನ ಕಳಕೊಂಡದ್ದು ಡೊಂಬಯ್ಯಣ್ಣ. ನಾಳೆ ನಾನೂ ಆ ಸಾಲಿನಲ್ಲೇ ನಿಲ್ಬೇಕಿತ್ತು."

ಕೌಸಲ್ಯಾ ನೀರು ಕುಡಿದು ಲೋಟವನ್ನು ಜಗಲಿಯ ಮೇಲಿಟ್ಟರು.

"ಡೊಂಬಯ್ಯನ ಮನೆಗೆ ಹೋಗ್ತೇನೆ ಈಗ," ಎಂದು ಎದ್ದರು. "ಓಟು ತಪ್ಪಿಸಿದ್ದು ನನ್ನ ಮಗ ಅಂತ ನಾನೇ ಹೇಳ್ತೇನೆ. ಅಭಿಯ ಅಪ್ಪ ಎಂತ ಬೇಕಾದ್ರೂ ಅನ್ಲಿ."

ಅಂಗಳದ ತುದಿಯವರೆಗೆ ತನ್ಮಯೀ ಅವರ ಜೊತೆ ಹೋದಳು. ಕಾರಿಗೂ ಅವಳಿಗೂ ನಡುವೆ ಸಣ್ಣದೊಂದು ರಸ್ತೆ, ಅಷ್ಟೇ. ಶಾಫಿಯ ಹೋಟೆಲಿಗೆ ಹೋಗುವ ಇಬ್ಬರು ಆ ದಾರಿಯಲ್ಲಿ ಬರುತ್ತಿದ್ದರು. ಅವಳನ್ನು ಕಂಡು, ಕಾರನ್ನು ಕಂಡು, ನಡಿಗೆ ನಿಧಾನ ಮಾಡಿದರು.

ಅಭಿರಾಮ್ ಅವಳನ್ನು ನೋಡಿದ. ಅವನ ಕೈ ಬಾಗಿಲಿನ ಹಿಡಿಯ ಮೇಲೆ ಬಂತು. ಅವಳ ಎದೆ, ಅವಳ ಅಪ್ಪಣೆ ಕೇಳದೆ, ಒಮ್ಮೆ ಹಾರಿತು. ಇಳಿದು ಬಾ, ಒಂದೇ ಒಂದು ಸಲ, ಇವರೆದುರು ಇಳಿದು ಬಾ.

ಅವನು ದಾರಿಯಲ್ಲಿ ನಿಂತವರನ್ನು ನೋಡಿದ. ಹಿಡಿಯ ಮೇಲಿನ ಕೈ ತೆಗೆದು ಗಾಜು ಏರಿಸಿದ.

ಕೌಸಲ್ಯಾ ಕಾರು ಹತ್ತಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕಾಲನಿಯ ಕಡೆಗೆ ಬಿಸಿಲಿನಲ್ಲಿ ನಡೆದೇ ಹೋದರು.